ಗಾಲಿಯೋ, ಪಟ್ಟಿಯೋ?

ಭಿವಂಡಿಯಲ್ಲಿ ನೆಲಸಿರುವ ನಮ್ಮ ಕನ್ನಡ ಮನೆಗಳಲ್ಲಿ ಈಚೆಗೆ ಹೊಸದೊಂದು ವ್ಯಾಜ್ಯ ತಲೆಯೆತ್ತಿದೆ. ಶಾಲೆಗೆ ಹೋಗುವ ಮಕ್ಕಳು ರೋಬೋ ಕಟ್ಟಲು ಹೊರಟಿದ್ದಾರೆ. ಮಗನಿಗೆ ಯುದ್ಧದ ಟ್ಯಾಂಕಿನಂತೆ ಪಟ್ಟಿಯ ಮೇಲೆ ಹರಿದಾಡುವ ರೋಬೋ ಬೇಕು. ತಂದೆಗೆ ಅದರ ಬೆಲೆ ಕೇಳಿಯೇ ಎದೆ ಝಲ್ಲೆನ್ನುತ್ತದೆ. ನಾಲ್ಕು ಗಾಲಿ ಸಾಲದೇ ಎಂದು ಅವರ ವಾದ. ತಾಯಿಯ ಚಿಂತೆಯೆಲ್ಲ ಒರೆಸಿದ ನೆಲದ ಮೇಲೆ ಗೀರು ಬಿದ್ದೀತೆಂಬುದು. ಮೂವರೂ ತಮ್ಮ ತಮ್ಮ ಮಟ್ಟಿಗೆ ಸರಿಯೇ. ಆದರೆ ವ್ಯಾಜ್ಯವನ್ನು ತೀರಿಸಬಲ್ಲ ಮುಖ್ಯ ಸಾಕ್ಷಿಯನ್ನೇ ಯಾರೂ ಕರೆದಿಲ್ಲ. ಆ ಸಾಕ್ಷಿ ನೆಲ. ರೋಬೋ ತನ್ನ ಆಯುಷ್ಯವನ್ನು ಯಾವ ನೆಲದ ಮೇಲೆ ಕಳೆಯಲಿದೆ ಎಂದು ಮೊದಲು ಕೇಳಿಕೊಂಡರೆ, ಅದಕ್ಕೆ ಎಂತಹ ಕಾಲು ಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.

ಇದನ್ನು ಕಲಿಯಲು ದೊಡ್ಡ ಗ್ರಂಥಗಳನ್ನು ತೆರೆಯಬೇಕಾದುದಿಲ್ಲ. ನಮ್ಮೂರ ಸುತ್ತ ಹೊಸ ಗೋದಾಮು ಏಳುತ್ತಿರುವ ಕಡೆ ಒಂದು ಗಳಿಗೆ ನಿಂತು ನೋಡಿದರಾಯಿತು. ಅಲ್ಲಿ ಜೆಸಿಬಿ ಇರುತ್ತದೆ, ಪೋಕ್ಲೇನ್ ಇರುತ್ತದೆ. ಊರ ಕಡೆ ನಾವು ಹಿಟಾಚಿ ಎನ್ನುವುದು ಈ ಪೋಕ್ಲೇನನ್ನೇ. ಜೆಸಿಬಿಗೆ ರಬ್ಬರಿನ ಗಾಲಿ, ಪೋಕ್ಲೇನಿಗೆ ಉಕ್ಕಿನ ಪಟ್ಟಿ. ಈ ಪಟ್ಟಿಯನ್ನು ಚಾಲಕರು ‘ಚೈನ್’ ಎನ್ನುತ್ತಾರೆ, ಬಿಡಿಭಾಗದ ಅಂಗಡಿಯವರು ‘ಟ್ರ್ಯಾಕ್’ ಎನ್ನುತ್ತಾರೆ. ಕೆಲಸ ಮುಗಿಯುತ್ತಲೆ ಜೆಸಿಬಿ ಡಾಂಬರು ರಸ್ತೆ ಹಿಡಿದು ತಾನೇ ಮುಂದಿನ ಕೆಲಸಕ್ಕೆ ಹೊರಡುತ್ತದೆ. ಪೋಕ್ಲೇನಾದರೋ ದಿಬ್ಬಣದ ಮದುವಣಗಿತ್ತಿಯಂತೆ ಟ್ರೈಲರನ್ನೇರಿ ಹೋಗಬೇಕು. ಆದರೆ ಮಳೆಗಾಲದಲ್ಲಿ ಅಗೆದ ನೆಲ ಕೆಸರಾದಾಗ ಜೆಸಿಬಿಯ ಗಾಲಿ ಸುಮ್ಮನೆ ಸುತ್ತುತ್ತ ಹೂತುಕೊಳ್ಳುತ್ತದೆ. ಪೋಕ್ಲೇನ್ ಅಲ್ಲಿಯೇ ಗಂಭೀರವಾಗಿ ನಡೆದಾಡುತ್ತದೆ. ಕರಾವಳಿಯಲ್ಲಿ ಗದ್ದೆ ಇರುವ ವಾಚಕರಿಗಂತೂ ಈ ಭೇದ ಹೊಸತಲ್ಲ. ನೀರು ಬಸಿಯದ ಗದ್ದೆಗೆ ಪಟ್ಟಿಯ ಕಟಾವು ಯಂತ್ರವನ್ನೇ ಕರೆಸಬೇಕು. ಒಣಗಿದ ಗದ್ದೆಯಾದರೆ ಗಾಲಿಯದೂ ನಡೆಯುತ್ತದೆ.

ಇದೇಕೆ ಹೀಗೆ? ಕರ್ಣನ ರಥದ ಗಾಲಿ ನೆಲಕ್ಕಿಳಿದ ಕಥೆ ನಮ್ಮ ಮಕ್ಕಳಿಗೆಲ್ಲ ಗೊತ್ತು. ಶಾಪದ ಮಾತು ಒತ್ತಟ್ಟಿಗಿರಲಿ. ಗಾಲಿ ಕಿರಿದು, ಮೇಲೆ ಭಾರ, ಕೆಳಗೆ ಮೆದು ನೆಲ ಎಂದಾದರೆ ಯಾವ ರಥವೂ ಇಳಿಯತಕ್ಕದ್ದೇ. ಒಂದು ಸಣ್ಣ ಲೆಕ್ಕ ಹಾಕೋಣ. ರೋಬೋ ೨ ಕಿಲೋ ತೂಗುತ್ತದೆ ಎನ್ನಿ. ನಾಲ್ಕು ಗಾಲಿಗಳಲ್ಲಿ ಒಂದೊಂದೂ ನೆಲವನ್ನು ೨ ಚದರ ಸೆಂಟಿಮೀಟರಿನಷ್ಟು ಮುಟ್ಟಿದರೆ ಒಟ್ಟು ೮ ಆಯಿತು. ಒಂದೊಂದು ಚದರ ಸೆಂಟಿಮೀಟರಿನ ಮೇಲೆ ೨೫೦ ಗ್ರಾಂ ಭಾರ. ಅದೇ ರೋಬೋವಿಗೆ ೧೫ ಸೆಂ.ಮೀ. ಉದ್ದ, ೩ ಸೆಂ.ಮೀ. ಅಗಲ ನೆಲಕ್ಕೆ ತಗಲುವ ಎರಡು ಪಟ್ಟಿಗಳನ್ನು ಹಾಕಿದರೆ ೯೦ ಚದರ ಸೆಂಟಿಮೀಟರಾಯಿತು. ಭಾರ ಸುಮಾರು ೨೨ ಗ್ರಾಮಿಗೆ ಇಳಿಯಿತು. ಹನ್ನೊಂದು ಪಟ್ಟು ಕಡಿಮೆ! ಮರಳಿನಲ್ಲಿ, ಕೆಸರಿನಲ್ಲಿ, ಹುಲ್ಲಿನಲ್ಲಿ ಪಟ್ಟಿ ಗೆಲ್ಲುವ ರಹಸ್ಯ ಇಷ್ಟೇ.

ಹಾಗಾದರೆ ಪಟ್ಟಿಯನ್ನೇ ಕೊಂಡುಬಿಡೋಣವೇ? ಸ್ವಲ್ಪ ತಡೆಯಿರಿ. ಈ ಗೆಲುವಿಗೆ ತೆರಬೇಕಾದ ಸುಂಕ ಬೇರೆ ಇದೆ.

ಮೊದಲನೆಯದು ತಿರುಗುವ ಕಷ್ಟ. ಉದ್ದನೆಯ ಮಂಚವೊಂದನ್ನು ಎತ್ತದೆ, ನೆಲದ ಮೇಲೆಯೇ ಎಳೆದು ತಿರುಗಿಸಿದವರಿಗೆ ಇದರ ಅನುಭವವುಂಟು. ಪಟ್ಟಿಯ ರೋಬೋ ತಿರುಗುವುದೂ ಹಾಗೆಯೇ: ಒಂದು ಪಟ್ಟಿ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಓಡಿ, ನೆಲವನ್ನು ಅಡ್ಡಡ್ಡ ಉಜ್ಜಿಕೊಂಡೇ ತಿರುಗಬೇಕು. ಮಕ್ಕಳು ಸಾಮಾನ್ಯವಾಗಿ ತರುವ ಹಳದಿ ಬಣ್ಣದ ಪುಟ್ಟ ಬಿ.ಓ. ಮೋಟಾರಿನ ಒಳಗಿರುವುದು ಪ್ಲಾಸ್ಟಿಕ್ಕಿನ ಹಲ್ಲುಚಕ್ರ. ಈ ಉಜ್ಜಾಟಕ್ಕೆ ಮೋಟಾರು ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಬರಿದಾಗುತ್ತದೆ, ಕೆಲವೊಮ್ಮೆ ಹಲ್ಲೇ ಸವೆದುಹೋಗುತ್ತದೆ. ಪಟ್ಟಿಗೆ ಲೋಹದ ಹಲ್ಲುಚಕ್ರಗಳ ಬಲವಾದ ಮೋಟಾರು ಬೇಕು. ಖರ್ಚು ಏರುವುದು ಅಲ್ಲಿಯೇ.

ಎರಡನೆಯದು ಭಿವಂಡಿಯವರಿಗೇ ವಿಶೇಷವಾದ ಸುಂಕ. ನಮ್ಮದು ಮಗ್ಗಗಳ ಊರು. ಪವರ್‌ಲೂಮಿನ ಆಸುಪಾಸಿನಲ್ಲಿ ನೂಲಿನ ಎಳೆ, ಹತ್ತಿಯ ತುಪ್ಪುಳು ಕಾಲಿಗೆ ತೊಡಕದ ನೆಲ ಎಲ್ಲಿದೆ? ಗಾಲಿಯ ಅಚ್ಚಿಗೂ ನೂಲು ಸುತ್ತಿಕೊಳ್ಳುತ್ತದೆ, ನಿಜ; ಗಾಲಿ ಕಳಚಿ ಬ್ಲೇಡಿನಿಂದ ಕತ್ತರಿಸಿದರೆ ಎರಡು ನಿಮಿಷದ ಕೆಲಸ. ಪಟ್ಟಿಯ ಒಳಗಾದರೋ ಸಣ್ಣ ಸಣ್ಣ ಉರುಳೆಗಳ ಸಾಲೇ ಇದೆ. ಒಂದೊಂದರ ಸಂದಿಯಲ್ಲೂ ನೂಲು ಗಂಟು ಕಟ್ಟಿ, ಪಟ್ಟಿ ಬಿಗಿದು, ಕೊನೆಗೆ ಹಳಿ ತಪ್ಪಿದ ಗಾಡಿಯಂತೆ ಕಳಚಿ ಬೀಳುತ್ತದೆ.

ಮೂರನೆಯದು ಅಳತೆಯ ತೊಂದರೆ. ೬೫ ಮಿ.ಮೀ. ವ್ಯಾಸದ ಗಾಲಿ ಒಂದು ಸುತ್ತು ಸುತ್ತಿದರೆ ಸುಮಾರು ೨೦ ಸೆಂ.ಮೀ. ಮುಂದೆ ಹೋದಂತೆ. ಸುತ್ತುಗಳನ್ನೆಣಿಸಿ ದೂರ ತಿಳಿಯಬಹುದು. ರೋಬೋವಿಗೆ ದಾರಿ ಕಲಿಸುವ ಮೊದಲ ಪಾಠವೇ ಅದು. ಪಟ್ಟಿ ತಿರುಗುವಾಗಲೆಲ್ಲ ಜಾರುವುದರಿಂದ ಈ ಎಣಿಕೆ ಸುಳ್ಳಾಗುತ್ತದೆ. ಪೊವಾಯಿಯ ಐ.ಐ.ಟಿ.ಯವರು ‘ಈ-ಯಂತ್ರ’ ಯೋಜನೆಯಲ್ಲಿ ವಿದ್ಯಾರ್ಥಿಗಳ ಕೈಗೆ ಕೊಟ್ಟ ‘ಫೈರ್‌ಬರ್ಡ್ ೫’ ರೋಬೋವಿಗೆ ಇದ್ದುದು ಎರಡೇ ಗಾಲಿ, ಜೊತೆಗೆ ಆಧಾರಕ್ಕೊಂದು ಪುಟ್ಟ ಗಾಲಿ. ಕಲಿಯುವವನಿಗೆ ಅಷ್ಟೇ ಸಾಕೆಂಬುದಕ್ಕೆ ಬೇರೆ ಪ್ರಮಾಣ ಬೇಕೇ?

‘ಚಂದ್ರನ ಮೇಲೆ ಬರೀ ಧೂಳು, ಅಲ್ಲಿಗೆ ಪಟ್ಟಿಯೇ ಹೋಗಿರಬೇಕು’ ಎಂದು ಮಕ್ಕಳು ವಾದಿಸಿದರೆ ಅದಕ್ಕೂ ಉತ್ತರವಿದೆ. ೨೦೨೩ರ ಆಗಸ್ಟ್ ೨೩ರಂದು ಚಂದ್ರಯಾನ-೩ ಇಳಿದ ಮೇಲೆ ಹೊರಬಂದ ನಮ್ಮ ‘ಪ್ರಜ್ಞಾನ್’ ರೋವರಿಗೆ ಆರು ಗಾಲಿಗಳಿದ್ದವು. ಭೂಮಿಯಲ್ಲಿ ಅದರ ತೂಕ ೨೬ ಕಿಲೋ. ಚಂದ್ರನಲ್ಲಿ ಭಾರ ಆರನೆಯ ಒಂದು ಪಾಲಿಗಿಳಿಯುವುದರಿಂದ ಅಗಲವಾದ ಗಾಲಿಗಳೇ ಧೂಳಿನಲ್ಲಿ ಹೂಳದೆ ನಡೆದವು. ಏರುತಗ್ಗಿನಲ್ಲೂ ಆರು ಗಾಲಿಗಳು ನೆಲ ಬಿಡದಂತೆ ಮಡಚುವ ತೋಳುಗಳ ಮೇಲೆ ಅವನ್ನು ಕೂರಿಸಿದ್ದರು. ಅಲ್ಲದೆ, ಕಳಚಿದ ಪಟ್ಟಿಯನ್ನು ಮತ್ತೆ ಕೂರಿಸಲು ಚಂದ್ರಲೋಕದಲ್ಲಿ ಮಿಸ್ತ್ರಿ ಸಿಗುವುದಿಲ್ಲವಷ್ಟೆ!

ಇಷ್ಟೆಲ್ಲ ಹೇಳಿದ ಮೇಲೆ ನಾವು ಗಾಲಿಯ ಪಕ್ಷದವರೆಂದು ವಾಚಕರು ತಿಳಿಯಬಾರದು. ಪಟ್ಟಿಯೇ ಬೇಕಾದ ನೆಲವೊಂದು ನಮ್ಮ ಊರಿನಲ್ಲಿಯೇ ಇತ್ತೆಂಬುದನ್ನು ನಾವು ಮರೆಯುವಂತಿಲ್ಲ. ೨೦೨೦ರ ಸೆಪ್ಟೆಂಬರ್ ೨೧ರ ನಸುಕಿನಲ್ಲಿ ಪಟೇಲ್ ಕಂಪೌಂಡಿನ ಜಿಲಾನಿ ಕಟ್ಟಡ ಕುಸಿಯಿತು. ಮಲಗಿದ್ದವರಲ್ಲಿ ೩೫ಕ್ಕೂ ಹೆಚ್ಚು ಮಂದಿ ಮತ್ತೆ ಏಳಲಿಲ್ಲ. ಅವಶೇಷಗಳ ಸಂದಿಗಳಲ್ಲಿ ಜೀವವುಂಟೇ ಎಂದು ರಕ್ಷಣಾ ಪಡೆಯವರು ದಿನಗಟ್ಟಲೆ ಹುಡುಕಿದರು. ಮನುಷ್ಯ ತಲೆ ತೂರಿಸಲಾಗದ ಆ ಸಂದಿಗಳಿಗೆ ಕಣ್ಣೊಂದನ್ನು ಕಳುಹಿಸುವುದೇ ರೋಬೋವಿನ ನಿಜವಾದ ಕೆಲಸ. ೨೦೦೧ರಲ್ಲಿ ನ್ಯೂಯಾರ್ಕಿನ ಜೋಡಿ ಗೋಪುರಗಳು ಬಿದ್ದಾಗ ಅವಶೇಷಗಳೊಳಗೆ ಇಳಿದ ಪುಟ್ಟ ರೋಬೋಗಳು ಪಟ್ಟಿಯವೇ. ೨೦೧೧ರ ಏಪ್ರಿಲಿನಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರವನ್ನು ಹೊಕ್ಕ ‘ಪ್ಯಾಕ್‌ಬಾಟ್’ ಕೂಡ ಪಟ್ಟಿಯದೇ. ಅಡ್ಡಿಗಳನ್ನು ಹತ್ತಲು ಅದಕ್ಕೆ ಮುಂದೆ ಎತ್ತಿ ಇಳಿಸುವ ಎರಡು ಪಟ್ಟಿಯ ತೋಳುಗಳೂ ಇದ್ದವು. ಒಡೆದ ಇಟ್ಟಿಗೆ, ಬಾಗಿದ ಕಂಬಿಗಳ ನಡುವೆ ಗಾಲಿ ಎರಡು ಕಲ್ಲುಗಳ ಸಂದಿನಲ್ಲಿ ಸಿಕ್ಕಿಬೀಳುತ್ತದೆ. ಪಟ್ಟಿ ಆ ಸಂದಿಗೆ ತಾನೇ ಸೇತುವೆಯಾಗುತ್ತದೆ.

ಆದುದರಿಂದ ಈ ಊರಿನಲ್ಲಿ ಬೆಳೆದ ಹುಡುಗಿಯೊಬ್ಬಳು ‘ಅಪ್ಪಾ, ಬಿದ್ದ ಕಟ್ಟಡದೊಳಗೆ ಹೋಗುವ ರೋಬೋ ಕಟ್ಟುತ್ತೇನೆ’ ಎಂದರೆ, ಅದನ್ನು ಆಟದ ಮಾತೆಂದು ತಳ್ಳಿಹಾಕಬೇಡಿ. ಅವಳಿಗೆ ಪಟ್ಟಿಯನ್ನೇ ಕೊಡಿಸಿ. ಕಾಂಕ್ರೀಟಿನೊಳಗೆ ರೇಡಿಯೋ ಸಂಕೇತ ಸರಿಯಾಗಿ ಹೋಗದು. ಉದ್ದನೆಯ ತಂತಿಯನ್ನೂ ಗಟ್ಟಿ ಹಗ್ಗವನ್ನೂ ಹಿಂದೆ ಕಟ್ಟುವುದನ್ನು ಈಗಲೇ ಕಲಿಯಲಿ. ಸಿಕ್ಕಿಬಿದ್ದರೆ ಎಳೆದುಕೊಳ್ಳಲಿಕ್ಕೂ ಆಯಿತು. ಅಂಗಳದ ಮೂಲೆಯ ಇಟ್ಟಿಗೆ ರಾಶಿ ಅವಳ ಮೊದಲ ಪಾಠಶಾಲೆ. ನಿಜವಾದ ಅವಶೇಷಗಳ ಬಳಿ ಮಕ್ಕಳು ಸುಳಿಯಕೂಡದೆಂಬುದನ್ನು ಹೇಳಬೇಕಾದುದಿಲ್ಲ.

ಪಟ್ಟಿ ಇದ್ದ ಮಾತ್ರಕ್ಕೆ ಮೆಟ್ಟಿಲು ಹತ್ತುತ್ತದೆಂಬ ಭ್ರಮೆಯೂ ಬೇಡ. ೧೭ ಸೆಂ.ಮೀ. ಎತ್ತರ, ೨೮ ಸೆಂ.ಮೀ. ಅಗಲದ ಮೆಟ್ಟಿಲುಗಳಲ್ಲಿ ಅಂಚಿನಿಂದ ಅಂಚಿಗೆ ಸುಮಾರು ೩೩ ಸೆಂ.ಮೀ. ಆಗುತ್ತದೆ. ಯಾವಾಗಲೂ ಎರಡು ಅಂಚುಗಳನ್ನು ಹಿಡಿದಿರಬೇಕಾದರೆ ಪಟ್ಟಿ ೬೬ ಸೆಂ.ಮೀ. ಉದ್ದವಿರಬೇಕು. ೧೫ ಸೆಂ.ಮೀ. ಆಟಿಕೆಯ ಪಟ್ಟಿ ಮೊದಲ ಮೆಟ್ಟಿಲಿಗೇ ಮೂಗು ತಿಕ್ಕಿ ನಿಲ್ಲುತ್ತದೆ.

ಲ್ಯಾಮಿಂಗ್‌ಟನ್ ರಸ್ತೆಯ ಅಂಗಡಿಗೆ ಹೊರಡುವ ಮುನ್ನ ಮನೆಯಲ್ಲಿ ಒಂದು ಕೆಲಸ ಮಾಡಿ. ರೋಬೋ ಓಡಾಡಬೇಕಾದ ದಾರಿಯನ್ನು ಮಕ್ಕಳೊಂದಿಗೆ ನಡೆದು ನೋಡಿ, ಒಂದು ಚೀಟಿಯಲ್ಲಿ ಬರೆಯಿರಿ: ಟೈಲ್ಸ್ ಎಷ್ಟು, ಹೊಸ್ತಿಲು ಎಷ್ಟು ಎತ್ತರ, ಮಣ್ಣು ಎಷ್ಟು, ನೂಲು ಎಷ್ಟು. ಟೈಲ್ಸೇ ಹೆಚ್ಚಾದರೆ ಎರಡು ಗಾಲಿಯ ರೋಬೋ ಕಟ್ಟಿ, ಉಳಿದ ಹಣವನ್ನು ಒಳ್ಳೆಯ ಮೋಟಾರಿಗೂ ಬ್ಯಾಟರಿಗೂ ಹಾಕಿ. ಅಲ್ಲಲ್ಲಿ ಸಣ್ಣ ಹೊಸ್ತಿಲು, ಜಲ್ಲಿ ಇದ್ದರೆ ದೊಡ್ಡ ವ್ಯಾಸದ ಮೆತ್ತನೆಯ ರಬ್ಬರ್ ಗಾಲಿ ನಾಲ್ಕು ಸಾಕು. ಮಣ್ಣು, ಮರಳು, ಇಟ್ಟಿಗೆ ರಾಶಿಯೇ ಗುರಿಯಾದರೆ ಮಾತ್ರ ಪಟ್ಟಿ. ಚೀಟಿಯನ್ನು ಮಗ ಬರೆಯಲಿ, ಲೆಕ್ಕವನ್ನು ತಂದೆ ಹಾಕಲಿ, ನೆಲದ ವಿಷಯದಲ್ಲಿ ಕೊನೆಯ ಮಾತು ತಾಯಿಯದಿರಲಿ. ಕಟ್ಟಿ ಓಡಿಸಿದವರು ಯಾವ ನೆಲದ ಮೇಲೆ ಯಾವ ಕಾಲು ಎಷ್ಟು ದಿನ ಬಾಳಿತೆಂದು ನಮಗೆ ಬರೆದು ತಿಳಿಸಿದರೆ, ಬರುವ ಸಂಚಿಕೆಗಳಲ್ಲಿ ಇತರ ಮನೆಗಳಿಗೂ ಅದರ ಪ್ರಯೋಜನವಾದೀತು.