ಬೆರಳು ಎಣಿಸೋದು ಬಿಟ್ಟು ಕೆಲಸ ನೋಡಿ

ವಿಕಲಚೇತನ ವಿದ್ಯಾರ್ಥಿ ಎಂಬಿಬಿಎಸ್‌ ಸೇರಬೇಕಾದರೆ ‘ಎರಡೂ ಕೈ ಸರಿಯಾಗಿರಬೇಕು’ ಎನ್ನುವ ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮ ಸಂವಿಧಾನಕ್ಕೆ ಒಪ್ಪುವಂಥದ್ದಲ್ಲ ಎಂದು ಸುಪ್ರೀಂ ಕೋರ್ಟ್‌ 2025ರ ಫೆಬ್ರವರಿಯಲ್ಲಿ ಹೇಳಿತು. ಮೇ ತಿಂಗಳಲ್ಲಿ ಇನ್ನೊಂದು ಪ್ರಕರಣ ಬಂತು. ಹುಟ್ಟಿನಿಂದಲೇ ಎರಡೂ ಕೈಗಳಲ್ಲಿ ಹಲವು ಬೆರಳುಗಳಿಲ್ಲದ ಅಭ್ಯರ್ಥಿಗೆ ಏಮ್ಸ್‌ನಲ್ಲಿ ಸೀಟು ಕೊಡಿ ಎಂದು ಕೋರ್ಟ್‌ ಆದೇಶಿಸಿತು. ಅದಕ್ಕೂ ಮೊದಲು ತಜ್ಞರ ಮಂಡಳಿ ಆತನ ಕೈಯಲ್ಲಿ ಕೆಲಸ ಮಾಡಿಸಿ ನೋಡಿತ್ತು. ಕೊನೆಗೆ ಉಳಿದ ತೊಡಕು ಏನು ಗೊತ್ತಾ? ಸ್ಟೆರೈಲ್‌ ಗ್ಲೌಸ್‌ ಹಾಕಿಕೊಳ್ಳೋದು. ಅಷ್ಟೇ. ಐದು ಬೆರಳಿನ ಅಚ್ಚಿನಲ್ಲಿ ತಯಾರಾದ ಗ್ಲೌಸಿನ ದೋಷವನ್ನು ಹುಡುಗನ ತಲೆಗೆ ಕಟ್ಟಲಾಗಿತ್ತು.

ಈ ತರ್ಕ ದಿಲ್ಲಿಯಿಂದ ಹೊರಟು ಗಂಗಾವತಿ ತಾಲ್ಲೂಕಿನ ಶ್ರೀರಾಮನಗರ ತಲುಪಬೇಕಾದರೆ ದಾರಿಯಲ್ಲಿ ಎಷ್ಟು ಗೇಟುಗಳಿವೆ ಅಂತ ನೋಡೋಣ. ತುಂಗಭದ್ರಾ ಕಾಲುವೆ ನೀರಿನಿಂದ ಬೆಳೆದ ಭತ್ತದ ಸೀಮೆ ಇದು. ನಾಟಿ, ಕೊಯ್ಲು, ರೈಸ್‌ ಮಿಲ್ಲು, ಹಮಾಲಿ. ಇಲ್ಲಿ ದುಡಿಮೆ ಅಂದರೆ ಕೈ. ಇಂಥ ಊರಲ್ಲಿ ಅಂಗೈ ಇದ್ದು ಬೆರಳಿಲ್ಲದ ಒಂದು ಮಗು ಹುಟ್ಟಿತು ಅಂತಿಟ್ಟುಕೊಳ್ಳಿ. ಮೊದಲ ವಿಚಾರಣೆ ಮನೆಯಲ್ಲೇ ನಡೆಯುತ್ತೆ: ‘ಗ್ರಹಣದ ದಿನ ಹೊರಗ ಬಂದಿದ್ದೇನವಾ?’ ಭ್ರೂಣದ ಕೈ ರೂಪುಗೊಳ್ಳೋದು ಮೊದಲ ಎರಡು ತಿಂಗಳಲ್ಲೇ. ಎಷ್ಟೋ ತಾಯಂದಿರಿಗೆ ಆಗಿನ್ನೂ ಗರ್ಭ ನಿಂತಿದ್ದೇ ಖಚಿತವಾಗಿರೋದಿಲ್ಲ. ಆದರೂ ತಪ್ಪಿತಸ್ಥೆ ಅವಳೇ.

ಎರಡನೇ ಗೇಟು ಆರೋಗ್ಯ ವ್ಯವಸ್ಥೆಯದ್ದು. ಅಂಗನವಾಡಿ, ಶಾಲೆಗಳಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಅದರ ಜನ್ಮದೋಷಗಳ ಪಟ್ಟಿಯಲ್ಲಿ ಸೀಳುತುಟಿ ಇದೆ, ಸೊಟ್ಟಪಾದ ಇದೆ, ಹೃದಯದ ತೊಂದರೆ ಇದೆ. ಕೈಗೆ ಅಂತ ಒಂದು ಸಾಲಿಲ್ಲ.

ಆಮೇಲೆ ಉಚಿತ ಕೃತಕ ಕೈ ಶಿಬಿರ. ರೋಟರಿಯಂಥ ಸಂಸ್ಥೆಗಳು ನಮ್ಮಲ್ಲಿ ಹೆಚ್ಚಾಗಿ ಹಂಚೋದು ಎಲ್‌ಎನ್‌-4 ಎಂಬ ಅಮೆರಿಕ ಮೂಲದ ಸರಳ ಪ್ಲಾಸ್ಟಿಕ್‌ ಕೈ. ಬ್ಯಾಟರಿ ಬೇಡ, ದುಡ್ಡೂ ಬೇಡ. ಯಂತ್ರಕ್ಕೆ ಸಿಕ್ಕು ಮುಂಗೈ ಕಳೆದುಕೊಂಡವರಿಗೆ ನಿಜಕ್ಕೂ ಉಪಯೋಗ. ಆದರೆ ಅದನ್ನು ಸಿಕ್ಕಿಸೋಕೆ ಮೊಣಕೈ ಕೆಳಗೆ ಉಳಿದ ತೋಳು ಬೇಕು. ಅಂಗೈ ಇರುವ ನಮ್ಮ ಮಗುವಿಗೆ ಅದು ಕೂರೋದೇ ಇಲ್ಲ. ಅಂಗೈ ಇರುವವರಿಗೆಂದೇ ಬಂದದ್ದು ಇ-ನೇಬಲ್‌ ಸ್ವಯಂಸೇವಕರ 3ಡಿ ಪ್ರಿಂಟೆಡ್‌ ಕೈ. ಮಣಿಕಟ್ಟು ಬಗ್ಗಿಸಿದರೆ ದಾರ ಎಳೆದು ಬೆರಳು ಮಡಚುತ್ತೆ. ವಿನ್ಯಾಸ ಉಚಿತ, ಪ್ರಿಂಟರ್‌ ಇರೋ ಯಾವ ಇಂಜಿನಿಯರಿಂಗ್‌ ಕಾಲೇಜೂ ಮಾಡಬಹುದು. ಆದರೆ ಹಿಡಿತ ದುರ್ಬಲ, ಮಗು ಬೆಳೆದಂತೆಲ್ಲ ಹೊಸದು ಬೇಕು. ಸ್ನಾಯುವಿನ ಸಂಕೇತ ಓದುವ ಬಯೋನಿಕ್‌ ಕೈಗೆ ಲಕ್ಷಗಟ್ಟಲೆ ಬೇಕು. ಕೆಸರು ಗದ್ದೆಯಲ್ಲಿ ಅದರ ಗತಿ ನೀವೇ ಊಹಿಸಿ.

ಎಲ್ಲದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಕೈ ಕಳೆದುಕೊಂಡವರಿಗೂ ಹಾಗೇ ಹುಟ್ಟಿದವರಿಗೂ ವ್ಯತ್ಯಾಸ ಇದೆ. ಹಾಗೇ ಹುಟ್ಟಿದ ಮಗು ಏನನ್ನೂ ‘ಕಳೆದುಕೊಂಡಿಲ್ಲ’. ಗಲ್ಲ, ಮೊಣಕಾಲು, ಕಂಕುಳು ಎಲ್ಲ ಬಳಸಿ ತನ್ನದೇ ದಾರಿ ಕಂಡುಕೊಂಡಿರುತ್ತೆ. ಅದರ ಮೇಲೆ ಕೃತಕ ಕೈ ಹಾಕಿದರೆ ಸ್ಪರ್ಶ ತಿಳಿಯುವ ಚರ್ಮವೇ ಮುಚ್ಚಿಹೋಗುತ್ತೆ. ಅದಕ್ಕೇ ಜಗತ್ತಿನಾದ್ಯಂತ ಇಂಥ ಎಷ್ಟೋ ಮಕ್ಕಳು ಕೃತಕ ಕೈಯನ್ನು ಕಪಾಟಿಗೆ ಹಾಕಿಬಿಡ್ತಾರೆ. ಇಂಜಿನಿಯರಿಂಗ್‌ ಓದಿದ ನಮ್ಮಂಥವರಿಗೆ ಇದು ಒಪ್ಪಿಕೊಳ್ಳೋಕೆ ಕಷ್ಟ. ಸಮಸ್ಯೆ ಕಂಡ ಕೂಡಲೇ ಮೋಟಾರು ಜೋಡಿಸೋ ಚಟ ನಮ್ಮದು.

ಕೈಗಿಂತ ವಸ್ತುವನ್ನು ಬದಲಿಸೋದು ಎಷ್ಟೋ ಸಲ ಸುಲಭ. ನಮ್ಮ ಈಳಿಗೆಯನ್ನೇ ನೋಡಿ: ಕಾಲಲ್ಲಿ ಅದುಮಿಟ್ಟ ಅಲಗು ಅಲುಗಲ್ಲ, ಬದನೆಕಾಯಿಯನ್ನು ಒಂದೇ ಕೈಯಲ್ಲಿ ಅದಕ್ಕೆ ಒತ್ತಬಹುದು. ಪೆನ್ನಿಗೆ ದಪ್ಪ ಹಿಡಿ, ಚಮಚ ಸಿಕ್ಕಿಸೋಕೆ ಅಂಗೈ ಪಟ್ಟಿ, ಸೈಕಲ್‌ನ ಎರಡೂ ಬ್ರೇಕ್‌ ಒಂದೇ ಬದಿಗೆ. ಚಮ್ಮಾರಿಕೆ, ಬಡಗಿತನ, ವೆಲ್ಡಿಂಗ್‌ ಗೊತ್ತಿರೋರು ಗಂಗಾವತಿಯಲ್ಲೇ ಮಾಡಿಕೊಡಬಹುದಾದ ಕೆಲಸ. ಆದರೆ ಮಗುವನ್ನು ನೋಡಿ ಏನು ಬೇಕು ಅಂತ ಅಳತೆ ಹೇಳುವ ಆಕ್ಯುಪೇಷನಲ್‌ ಥೆರಪಿಸ್ಟ್‌ ಬೇಕಲ್ಲ. ಶಿಬಿರದಲ್ಲಿ ಫೋಟೊ ಬರೋದು ಕೈಗೆ, ಥೆರಪಿಸ್ಟ್‌ಗಲ್ಲ.

ಕೊನೆಯ ಗೇಟು ಶೇಕಡಾವಾರಿನದ್ದು. ಕೇಂದ್ರದ ಎಡಿಪ್‌ ಯೋಜನೆಯಲ್ಲಿ ಸಾಧನ ಸಿಗಬೇಕಾದರೆ ಶೇ 40ರಷ್ಟು ವೈಕಲ್ಯದ ಪ್ರಮಾಣಪತ್ರ ಬೇಕು. ಅಂಗಚ್ಛೇದನದ ಲೆಕ್ಕದಲ್ಲಿ ಒಂದು ಹೆಬ್ಬೆರಳು ಬುಡಸಮೇತ ಇಲ್ಲದಿದ್ದರೆ ಶೇ 30. ಹೆಬ್ಬೆರಳಿಲ್ಲದೆ ಒಂದು ಚಹಾ ಲೋಟ ಎತ್ತಿ ನೋಡಿ, ಆ 30 ಎಷ್ಟು ಅಂತ ಗೊತ್ತಾಗುತ್ತೆ. ಪರೀಕ್ಷೆಗೆ ಲಿಪಿಕಾರರ ನೆರವು ಕೊಡೋಕೆ ಶೇ 40ರ ಷರತ್ತು ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್‌ 2021ರಲ್ಲೇ ಹೇಳಿದೆ. ಶೇ 40ಕ್ಕಿಂತ ಕಡಿಮೆ ಇರುವವರಿಗಾಗಿ 2022ರಲ್ಲಿ ಕೇಂದ್ರ ಮಾರ್ಗಸೂಚಿಯನ್ನೂ ತಂತು. ಬರೆಯೋಕೆ ನೆರವು ಕೊಡುವಾಗ ಇಲ್ಲದ ಷರತ್ತು, ಬರೆಯೋ ಸಾಧನ ಕೊಡುವಾಗ ಯಾಕೆ?

ಎಡಿಪ್‌ ನಿಯಮ ಬದಲಾಗೋದು ದಿಲ್ಲಿಯಲ್ಲಿ. ಅಲ್ಲಿಯವರೆಗೆ ಕಾಯಬೇಕಿಲ್ಲ. ಕರ್ನಾಟಕದ ಗ್ರಾಮ ಪಂಚಾಯಿತಿಗಳು ಅನುದಾನದ ಶೇ 5ರಷ್ಟನ್ನು ವಿಕಲಚೇತನರಿಗೆ ಮೀಸಲಿಡಬೇಕು. ಊರೂರಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಮುಂದಿನ ಗ್ರಾಮಸಭೆಯಲ್ಲಿ ಆ ಹಣದ ಲೆಕ್ಕ ಕೇಳುವಾಗ ಇದನ್ನೂ ಕೇಳಿ: ಟ್ರೈಸಿಕಲ್‌ ಎಷ್ಟು ಕೊಟ್ರಿ ಅನ್ನೋದು ಸರಿ, ಬೆರಳಿಲ್ಲದ ಮಕ್ಕಳು ನಮ್ಮ ಶಾಲೆಯಲ್ಲಿ ಎಷ್ಟಿದ್ದಾರೆ, ಅವರನ್ನು ಥೆರಪಿಸ್ಟ್‌ ಹತ್ತಿರ ಕರ್ಕೊಂಡು ಹೋಗೋಕೆ ಬಸ್‌ ಚಾರ್ಜ್‌ ಯಾರು ಕೊಡ್ತಾರೆ?