ಒಗೆಯುವ ಯಂತ್ರದ ಗದ್ದಲ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಅನೇಕ ಮನೆಗಳಲ್ಲಿ ಒಗೆಯುವ ಯಂತ್ರವು ಬಚ್ಚಲ ಮಗ್ಗುಲಿನ ಪರಸಿಯ ಮೇಲೆ ನಿಲ್ಲುವುದಷ್ಟೆ. ಶಹಾಬಾದದ್ದಾಗಲಿ, ತಾಳಿಕೋಟೆಯದಾಗಲಿ, ನೀರು ಹರಿಯಲೆಂದು ಆ ಪರಸಿಯನ್ನು ಓರೆಯಾಗಿ ಹಾಸಿರುತ್ತಾರೆ. ಯಂತ್ರಕ್ಕೆ ಬೇಕಾದುದು ಸಮನೆಲ. ಗದ್ದಲದ ಅರ್ಧ ಕಾರಣವು ಇದೇ ಎಂದು ನಮ್ಮ ಎಣಿಕೆ. ನಾಲ್ಕು ಮೂಲೆಗಳನ್ನೂ ಅದುಮಿ ನೋಡಿ, ಅಲುಗುವ ಮೂಲೆಯ ತಿರುಪುಗಾಲನ್ನು ತಿರುಗಿಸಿ ನೆಲಕ್ಕೆ ತಾಗಿಸತಕ್ಕದ್ದು. ಇಟ್ಟಿಗೆಯ ಚೂರು ಒತ್ತುಗೊಡುವ ಪದ್ಧತಿಯು ನಮಗೆ ಸಮ್ಮತವಲ್ಲ, ಅದು ಜಾರುವುದು.

ಮುಂಬಾಗಿಲಿನ ಹೊಸ ಯಂತ್ರವು ಮೊದಲ ದಿನವೇ ಕುಣಿದಾಡಿದರೆ, ಸಾಗಾಟಕ್ಕೆಂದು ಹಿಂಬದಿಗೆ ಬಿಗಿದ ಬೋಲ್ಟುಗಳನ್ನು ತೆಗೆದಿರುವರೋ ಎಂದು ನೋಡಬೇಕು.

ಹಿಂಡುವಾಗ ಡೋಲು ನಿಮಿಷಕ್ಕೆ 700ರಿಂದ 1400 ಸುತ್ತು ತಿರುಗುತ್ತದೆ. ಒಂಟಿ ಕೌದಿಯನ್ನು ಹಾಕಿದರೆ ಅದು ನೀರು ಕುಡಿದು ಒಂದೇ ಪಕ್ಕಕ್ಕೆ ಮುದ್ದೆಯಾಗಿ ದಡದಡನೆ ಬಡಿಯುವುದು. ನಿಲ್ಲಿಸಿ, ಹರಡಿ ಹಾಕಿರಿ. ಕಣಕಣ ಸದ್ದಾದರೆ ಜೇಬಿನ ನಾಣ್ಯವನ್ನೋ ಪಿನ್ನನ್ನೋ ನೀರು ಹೊರಬೀಳುವ ಜಾಲರಿಯಲ್ಲಿ ಹುಡುಕಿರಿ.

ಅಂಜಬೇಕಾದ ಸದ್ದು ಬೇರೆಯೇ ಇದೆ. ಪ್ಲಗ್ಗನ್ನು ಕಿತ್ತು, ಬರಿಯ ಡೋಲನ್ನು ಕೈಯಿಂದ ತಿರುಗಿಸಿರಿ. ಬೀಸುವ ಕಲ್ಲಿನಂತೆ ಗರಗರ ಎಂದರೆ ಬೇರಿಂಗು ಸವೆದಿರುವುದು. ರಬ್ಬರಿನ ಸೀಲು ಸೋರಿ ನೀರು ತಗುಲಿದರೆ ಅದಕ್ಕೆ ತುಕ್ಕು ಹಿಡಿಯುತ್ತದೆ. ಹಾಗೆಯೇ ನಡೆಸಿದರೆ ಡೋಲಿನ ಅಚ್ಚೂ ಕೆಟ್ಟು, ದುರಸ್ತಿಯ ವೆಚ್ಚವು ಯಂತ್ರದ ಬೆಲೆಗೆ ಸಮೀಪಿಸುವುದುಂಟು. ಆದುದರಿಂದ ಇದಕ್ಕೆ ಮಾತ್ರ ತಡಮಾಡದೆ ಬಲ್ಲವರನ್ನು ಕರೆಯಿಸಬೇಕು. ಮನೆಯಲ್ಲಿ ಬಿಚ್ಚುವ ಸಾಹಸ ಬೇಡ.

ಯಂತ್ರವನ್ನು ಮುಟ್ಟಿದಾಗ ಕೈ ಜುಮ್ಮೆಂದರೆ ಸದ್ದಿನ ವಿಚಾರವನ್ನು ಬದಿಗಿರಿಸಿ, ಮೊದಲು ಅರ್ಥಿಂಗನ್ನು ಪರೀಕ್ಷೆ ಮಾಡಿಸಿರಿ.