ಪಂಪು ತಿರುಗಿಸುವ ಶಕ್ತಿ ಎಲ್ಲಿಂದ?

ನೇರವಾದ, ನುಣುಪಾದ ರಸ್ತೆ. ಉದ್ದ ಕಾಲು ಮೈಲು, ಅಂದರೆ 402 ಮೀಟರ್. ಹಸಿರು ದೀಪ ಹೊತ್ತಿದ ಕೂಡಲೇ ಎರಡು ಕಾರುಗಳು ಅಕ್ಕಪಕ್ಕದಲ್ಲಿ ಚಿಮ್ಮಿ ಹೊರಡುತ್ತವೆ. ಹನ್ನೆರಡು ಸೆಕೆಂಡು ಕಳೆಯುವಷ್ಟರಲ್ಲಿ ಓಟ ಮುಗಿದಿರುತ್ತದೆ. ಅಮೆರಿಕದಲ್ಲಿ ಬಹಳ ಜನಪ್ರಿಯವಾದ ಈ ಸ್ಪರ್ಧೆಯ ಹೆಸರು ಡ್ರ್ಯಾಗ್ ರೇಸ್. 1951ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಎಂಬ ಸಂಸ್ಥೆ ಅಲ್ಲಿ ಇಂಥ ಓಟಗಳನ್ನು ನಡೆಸುತ್ತದೆ.

ಓಟ ಮುಗಿಸಿ ಮರಳಿ ಬಂದ ಚಾಲಕ ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸುತ್ತಾನೆ. ಆದರೂ ಬಾನೆಟ್ಟಿನ ಒಳಗಿನಿಂದ ಸಣ್ಣದಾಗಿ ಗುಂಯ್ ಎಂಬ ಸದ್ದು ಬರುತ್ತಲೇ ಇರುತ್ತದೆ. ಎಂಜಿನ್ ನಿಂತಿದೆ, ಅದರೊಳಗಿನ ನೀರು ಮಾತ್ರ ಹರಿಯುತ್ತಿದೆ! ಹಳೆಯ ಮಾದರಿಯ ಕಾರುಗಳಲ್ಲಿ ಇದು ಸಾಧ್ಯವಿಲ್ಲ. ಅವುಗಳಲ್ಲಿ ಎಂಜಿನ್ ನಿಂತರೆ ನೀರಿನ ಪಂಪೂ ನಿಲ್ಲುತ್ತದೆ. ಈ ವ್ಯತ್ಯಾಸಕ್ಕೆ ಕಾರಣವೇನು? ವೇಗದ ಕಾರಿಗೆ ಯಾವ ಪಂಪು ಮೇಲು? ಇದಕ್ಕೆ ಉತ್ತರ ಹುಡುಕಲು ಹೊರಟರೆ ಪ್ರೌಢಶಾಲೆಯ ಭೌತಶಾಸ್ತ್ರದ ಒಂದೆರಡು ಪಾಠಗಳು ತಾವಾಗಿಯೇ ಎದುರಾಗುತ್ತವೆ.

ಮೊದಲು ಪಂಪಿನ ಕೆಲಸವನ್ನು ನೋಡಬೇಕು. ಪೆಟ್ರೋಲ್ ಎಂಜಿನ್‌ನಲ್ಲಿ ಉರಿಯುವ ಇಂಧನದ ಶಕ್ತಿಯೆಲ್ಲ ಚಕ್ರಕ್ಕೆ ಸೇರುವುದಿಲ್ಲ. ಸ್ಥೂಲವಾಗಿ ಮೂರರಲ್ಲಿ ಒಂದು ಪಾಲು ಹೊಗೆಯೊಡನೆ ಹೊರಗೆ ಹೋಗುತ್ತದೆ. ಸುಮಾರು ಅಷ್ಟೇ ಪಾಲು ಲೋಹದ ಗೋಡೆಗಳನ್ನು ಕಾಯಿಸುತ್ತದೆ. ಈ ಎರಡನೆಯ ಪಾಲನ್ನು ಹೊತ್ತು ರೇಡಿಯೇಟರಿಗೆ ತಲುಪಿಸುವುದು ನೀರಿನ ಕೆಲಸ. ನೀರನ್ನು ಸುತ್ತಿಸುವುದು ಪಂಪಿನ ಕೆಲಸ. ಅದೇನೂ ಅಪರೂಪದ ಯಂತ್ರವಲ್ಲ. ತೋಟದ ಪಂಪ್‌ಸೆಟ್ಟಿನಲ್ಲಿರುವಂಥದೇ ರೆಕ್ಕೆಗಳ ಚಕ್ರ ಇದರಲ್ಲೂ ಇದೆ. ಚಕ್ರ ತಿರುಗಿದಾಗ ನೀರು ನಡುವಿನಿಂದ ಅಂಚಿಗೆ ಎಸೆಯಲ್ಪಟ್ಟು ಕೊಳವೆಗೆ ನುಗ್ಗುತ್ತದೆ.

ಎಷ್ಟು ನೀರು ಬೇಕು? 200 ಅಶ್ವಶಕ್ತಿಯ ಒಂದು ಎಂಜಿನ್ ಪೂರ್ಣ ಬಲದಲ್ಲಿ ದುಡಿಯುವಾಗ ನೀರಿಗೆ 100 ಕಿಲೋವ್ಯಾಟ್ ಶಾಖ ಬಿಡುತ್ತದೆ ಎಂದಿಟ್ಟುಕೊಳ್ಳಿ. ಒಂದು ಕಿಲೋಗ್ರಾಂ ನೀರಿನ ಉಷ್ಣತೆ ಒಂದು ಡಿಗ್ರಿ ಏರಲು 4.2 ಕಿಲೋಜೂಲ್ ಬೇಕು. ಎಂಜಿನ್ ಹಾದು ಬರುವಷ್ಟರಲ್ಲಿ ನೀರು ಹತ್ತೇ ಡಿಗ್ರಿ ಏರಬೇಕೆಂದರೆ, 100ನ್ನು 42ರಿಂದ ಭಾಗಿಸಬೇಕು. ಬರುವುದು ಸುಮಾರು 2.4. ಅಂದರೆ ಸೆಕೆಂಡಿಗೆ 2.4 ಲೀಟರ್, ನಿಮಿಷಕ್ಕೆ ಹೆಚ್ಚು ಕಡಿಮೆ 143 ಲೀಟರ್. ಹದಿನೈದು ಲೀಟರಿನ ಕೊಡವಾದರೆ ನಿಮಿಷಕ್ಕೆ ಒಂಬತ್ತೂವರೆ ಕೊಡ!

ಹಳೆಯ ಕ್ರಮದಲ್ಲಿ ಈ ಪಂಪನ್ನು ತಿರುಗಿಸುವುದು ಎಂಜಿನ್ನೇ. ಕ್ರ್ಯಾಂಕ್ ಶಾಫ್ಟಿನ ತುದಿಯ ರಾಟೆಯಿಂದ ಪಂಪಿನ ರಾಟೆಗೆ ಒಂದು ಬೆಲ್ಟ್ ಹಾಯ್ದಿರುತ್ತದೆ. ಇದು ಸರಳ, ಗಟ್ಟಿ ಏರ್ಪಾಡು. ಆದರೆ ಇದರಲ್ಲಿ ಒಂದು ಕೊರತೆ ಇದೆ. ಪಂಪು ಎಂಜಿನ್ನಿನ ವೇಗವನ್ನು ಅನುಸರಿಸುತ್ತದೆಯೇ ಹೊರತು ಎಂಜಿನ್ನಿನ ಶಾಖವನ್ನಲ್ಲ. ಎಂಜಿನ್ ಇನ್ನೂ ತಣ್ಣಗಿದ್ದರೂ ವೇಗವಾಗಿ ತಿರುಗಿದರೆ ನೀರು ರಭಸದಿಂದ ಹರಿಯುತ್ತದೆ. ಎಂಜಿನ್ ಕೆಂಡವಾಗಿದ್ದರೂ ನಿಧಾನವಾಗಿ ತಿರುಗಿದರೆ ನೀರೂ ನಿಧಾನ. ಘಾಟಿ ಹತ್ತಿ ಮೇಲೆ ಬಂದ ಅನುಭವಿ ಲಾರಿ ಚಾಲಕರು ಗಾಡಿ ನಿಲ್ಲಿಸಿದರೂ ಎಂಜಿನ್ನನ್ನು ಒಂದೆರಡು ನಿಮಿಷ ಹಾಗೆಯೇ ಬಿಡುತ್ತಿದ್ದುದಕ್ಕೆ ಇದೂ ಒಂದು ಕಾರಣ. ಥಟ್ಟನೆ ಆರಿಸಿದರೆ ನೀರು ನಿಂತಲ್ಲೇ ನಿಂತು, ಸುತ್ತಲಿನ ಕಾದ ಲೋಹದಿಂದ ಅಲ್ಲಲ್ಲಿ ಕುದಿಯತೊಡಗುತ್ತದೆ.

ಇನ್ನೊಂದು ವಿಷಯ ಘನದ ಲೆಕ್ಕ. ಇಂಥ ಪಂಪಿನ ವೇಗ ಎರಡರಷ್ಟಾದರೆ ನೀರಿನ ಹರಿವು ಎರಡರಷ್ಟಾಗುತ್ತದೆ, ಒತ್ತಡ ನಾಲ್ಕರಷ್ಟಾಗುತ್ತದೆ. ಪಂಪು ನುಂಗುವ ಶಕ್ತಿಯಾದರೋ ಎಂಟರಷ್ಟಾಗುತ್ತದೆ. ವೇಗದ ಘನಕ್ಕೆ ಅನುಗುಣವಾಗಿ ಶಕ್ತಿ ಬೇಕೆಂಬುದು ಇದರ ನಿಯಮ. ನಿಮಿಷಕ್ಕೆ 2000 ಸುತ್ತಿನಲ್ಲಿ 150 ವ್ಯಾಟ್ ಬೇಡುವ ಒಂದು ಪಂಪು 6000 ಸುತ್ತಿನಲ್ಲಿ ಎಷ್ಟು ಬೇಡುತ್ತದೆ? ವೇಗ ಮೂರು ಪಟ್ಟು. ಮೂರರ ಘನ 27. ಆದ್ದರಿಂದ 4050 ವ್ಯಾಟ್. 746 ವ್ಯಾಟಿಗೆ ಒಂದು ಅಶ್ವಶಕ್ತಿಯಂತೆ ಇದು ಹತ್ತಿರ ಹತ್ತಿರ ಐದೂವರೆ ಅಶ್ವಶಕ್ತಿ. ಇಷ್ಟೂ ಚಕ್ರಕ್ಕೆ ಹೋಗಬೇಕಾಗಿದ್ದ ಶಕ್ತಿಯೇ.

ಓಟದ ಹುಚ್ಚಿನವರ ಕಣ್ಣು ವಿದ್ಯುತ್ ಪಂಪಿನ ಮೇಲೆ ಬೀಳುವುದು ಇಲ್ಲಿಯೇ. ಬೆಲ್ಟ್ ತೆಗೆದುಹಾಕಿ, ಬ್ಯಾಟರಿಯಿಂದ ನಡೆಯುವ ಸಣ್ಣ ಮೋಟಾರನ್ನು ಪಂಪಿಗೆ ಜೋಡಿಸಿದರೆ ಐದೂವರೆ ಅಶ್ವಶಕ್ತಿಯೂ ಪುಕ್ಕಟೆಯಾಗಿ ಉಳಿಯಿತಲ್ಲ ಎಂದು ಹಲವರು ಭಾವಿಸುತ್ತಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ, ಅರ್ಧ ತಪ್ಪಿದೆ.

ತಪ್ಪು ಎಲ್ಲಿದೆ ಎಂಬುದನ್ನು ಸೈಕಲ್ ಡೈನಮೋ ಕಂಡ ಹಿರಿಯರು ಸುಲಭವಾಗಿ ಹೇಳಬಲ್ಲರು. ಕತ್ತಲಾದ ಮೇಲೆ ದೀಪಕ್ಕಾಗಿ ಡೈನಮೋವನ್ನು ಟೈರಿಗೆ ಒತ್ತಿದೊಡನೆ ಪೆಡಲು ಭಾರವಾಗುತ್ತಿತ್ತು. ದೀಪದ ಬೆಳಕಿಗೆ ಬೆಲೆ ತೆರುತ್ತಿದ್ದುದು ತುಳಿಯುವವನ ಕಾಲು. ಕಾರಿನಲ್ಲೂ ಹಾಗೆಯೇ. ಬ್ಯಾಟರಿಯನ್ನು ತುಂಬುವುದು ಆಲ್ಟರ್ನೇಟರ್. ಅದನ್ನು ತಿರುಗಿಸುವುದು ಮತ್ತೆ ಎಂಜಿನ್ನೇ. ವಿದ್ಯುತ್ ಪಂಪು 14 ವೋಲ್ಟಿನಲ್ಲಿ 10 ಆಂಪಿಯರ್ ಎಳೆದರೆ 140 ವ್ಯಾಟ್ ಆಯಿತು. ಆಲ್ಟರ್ನೇಟರಿನ ದಕ್ಷತೆ ಶೇಕಡಾ 55 ಎಂದು ಹಿಡಿದರೆ, ಆ 140 ವ್ಯಾಟಿಗಾಗಿ ಎಂಜಿನ್ ಸುಮಾರು 255 ವ್ಯಾಟ್ ಕೊಡಬೇಕಾಗುತ್ತದೆ. ಉಳಿದದ್ದು ಶಾಖವಾಗಿ ಹೋಗುತ್ತದೆ.

ಈಗ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬಹುದು. 6000 ಸುತ್ತಿನಲ್ಲಿ ಬೆಲ್ಟ್ ಪಂಪಿಗೆ 4050 ವ್ಯಾಟ್, ವಿದ್ಯುತ್ ಪಂಪಿಗೆ 255 ವ್ಯಾಟ್. ಉಳಿತಾಯ ಐದು ಅಶ್ವಶಕ್ತಿ. 2000 ಸುತ್ತಿನಲ್ಲಿ ಬೆಲ್ಟ್ ಪಂಪಿಗೆ 150 ವ್ಯಾಟ್, ವಿದ್ಯುತ್ ಪಂಪಿಗೆ ಅದೇ 255 ವ್ಯಾಟ್. ಇಲ್ಲಿ ಉಳಿತಾಯವಿಲ್ಲ, ನಷ್ಟವೇ! ಮೋಟಾರು ಎಂಬ ಕಾರಣಕ್ಕೆ ಶಕ್ತಿ ಉಳಿಯುವುದಿಲ್ಲ. ಅಗತ್ಯಕ್ಕಿಂತ ಹೆಚ್ಚು ನೀರು ಸುತ್ತಿಸದಿದ್ದರೆ ಮಾತ್ರ ಉಳಿಯುತ್ತದೆ. ಸದಾ ಪೂರ್ಣ ವೇಗದಲ್ಲಿ ತಿರುಗುವ ವಿದ್ಯುತ್ ಪಂಪನ್ನು ದಿನನಿತ್ಯ ಕಚೇರಿಗೆ ಹೋಗಿಬರುವ ಕಾರಿಗೆ ಹಾಕಿಸಿದರೆ ಮೂಗಿಗಿಂತ ಮೂಗುತಿ ಭಾರ ಎಂಬಂತಾಗುತ್ತದೆ.

ಡ್ರ್ಯಾಗ್ ಓಟದ ಕಾರಿಗೆ ಈ ಐದು ಅಶ್ವಶಕ್ತಿಯ ಬೆಲೆ ಎಷ್ಟು? ಕಾಲು ಮೈಲಿಗೆ ತಗಲುವ ಸಮಯ ಸ್ಥೂಲವಾಗಿ ಶಕ್ತಿಯ ಘನಮೂಲಕ್ಕೆ ವಿಲೋಮವಾಗಿರುತ್ತದೆ. 400 ಅಶ್ವಶಕ್ತಿಯ ಎಂಜಿನ್ನಿಗೆ ಐದು ಸೇರಿದರೆ ಶೇಕಡಾ 1.25 ಹೆಚ್ಚಳ. ಸಮಯದಲ್ಲಿ ಅದರ ಮೂರನೆಯ ಒಂದು ಪಾಲು, ಎಂದರೆ ಶೇಕಡಾ 0.4ರಷ್ಟು ಇಳಿಕೆ. ಹನ್ನೆರಡು ಸೆಕೆಂಡಿನಲ್ಲಿ ಇದು ಸೆಕೆಂಡಿನ ನೂರರಲ್ಲಿ ಐದು ಪಾಲು. ಕಣ್ಣು ಮಿಟುಕಿಸುವುದಕ್ಕೂ ಸಾಲದ ಸಮಯ. ಆದರೆ ಸೆಕೆಂಡಿನ ಸಾವಿರದ ಒಂದು ಪಾಲನ್ನೂ ಅಳೆಯುವ ಈ ಸ್ಪರ್ಧೆಯಲ್ಲಿ ಅಷ್ಟೇ ಅಂತರದಲ್ಲಿ ಸೋಲು ಗೆಲುವು ನಿರ್ಧಾರವಾಗುವುದುಂಟು.

ಇದಕ್ಕಿಂತ ಮುಖ್ಯವಾದುದು ಆರಂಭದಲ್ಲಿ ಹೇಳಿದ ಗುಂಯ್ ಸದ್ದು. ಒಂದು ಸುತ್ತು ಗೆದ್ದವನು ಅದೇ ದಿನ ಮತ್ತೊಂದು ಸುತ್ತಿಗೆ ಹೋಗಬೇಕು. ಅಷ್ಟರೊಳಗೆ ಎಂಜಿನ್ ತಣ್ಣಗಾಗಬೇಕು. ಬೆಲ್ಟ್ ಪಂಪಿನಲ್ಲಿ ನೀರು ಸುತ್ತಬೇಕಾದರೆ ಎಂಜಿನ್ ಓಡಲೇಬೇಕು. ಓಡಿದರೆ ಮತ್ತಷ್ಟು ಶಾಖ. ವಿದ್ಯುತ್ ಪಂಪಿಗೆ ಆ ಇಕ್ಕಟ್ಟಿಲ್ಲ. ಎಂಜಿನ್ ಆರಿಸಿ, ಪಂಪು ಮತ್ತು ಫ್ಯಾನುಗಳನ್ನು ಬ್ಯಾಟರಿಯಿಂದ ನಡೆಸಬಹುದು. ಕೆಲವರು ಭಾರ ಕಡಿಮೆ ಮಾಡಲೆಂದು ಆಲ್ಟರ್ನೇಟರನ್ನೇ ಕಳಚಿ, ಸುತ್ತುಗಳ ನಡುವೆ ಬ್ಯಾಟರಿಗೆ ಚಾರ್ಜರ್ ಹಾಕುತ್ತಾರೆ. ಹನ್ನೆರಡು ಸೆಕೆಂಡಿನ ಓಟಕ್ಕೆ ಅಷ್ಟು ಸಾಕು. ಇದೇ ಕ್ರೀಡೆಯ ಅತ್ಯಂತ ವೇಗದ ವರ್ಗವಾದ ಟಾಪ್ ಫ್ಯೂಯೆಲ್ ಕಾರುಗಳಲ್ಲಂತೂ ತಂಪುಮಾಡುವ ನೀರೇ ಇರುವುದಿಲ್ಲ! ಅವುಗಳ ಓಟ 2008ರಿಂದ 1000 ಅಡಿ, ಎಂದರೆ 305 ಮೀಟರ್ ಮಾತ್ರ. ಸಿಲಿಂಡರಿಗೆ ಧಾರಾಳವಾಗಿ ಸುರಿಯುವ ಇಂಧನವೇ ಆವಿಯಾಗುತ್ತಾ ಅಷ್ಟು ಹೊತ್ತಿನ ಮಟ್ಟಿಗೆ ಲೋಹವನ್ನು ಕಾಯುತ್ತದೆ.

ಹಾಗಾದರೆ ಎಲ್ಲ ಓಟದ ಕಾರುಗಳಿಗೂ ವಿದ್ಯುತ್ ಪಂಪೇ ಸರಿಯೇ? ಅಲ್ಲ. ಅದೇ ಅಮೆರಿಕದ ಡೇಟೋನಾದಲ್ಲಿ ನಡೆಯುವ ನ್ಯಾಸ್‌ಕಾರ್ ಓಟ 500 ಮೈಲು, ಎಂದರೆ ಸುಮಾರು 805 ಕಿಲೋಮೀಟರ್ ಉದ್ದದ್ದು. ಅಲ್ಲಿ ಎಂಜಿನ್ ಮೂರು ಗಂಟೆಗೂ ಹೆಚ್ಚು ಕಾಲ ಬಹುತೇಕ ಪೂರ್ಣ ಬಲದಲ್ಲಿ ತಿರುಗುತ್ತದೆ. ವೇಗವೂ ಹೆಚ್ಚು, ಶಾಖವೂ ಹೆಚ್ಚು. ವೇಗವನ್ನು ಅನುಸರಿಸುವ ಬೆಲ್ಟ್ ಪಂಪಿನ ಕೊರತೆ ಇಲ್ಲಿ ಕೊರತೆಯಾಗಿ ಉಳಿಯುವುದೇ ಇಲ್ಲ. ನೀರು ಹೆಚ್ಚು ಬೇಕಾದಾಗಲೇ ಪಂಪು ಹೆಚ್ಚು ತಿರುಗುತ್ತಿರುತ್ತದೆ. ನ್ಯಾಸ್‌ಕಾರ್ ಕಾರುಗಳು ಎಂಜಿನ್ನೇ ತಿರುಗಿಸುವ ಪಂಪನ್ನು ನೆಚ್ಚಿಕೊಂಡಿರುವುದರಲ್ಲಿ ಅರ್ಥವಿದೆ. ಹೆಚ್ಚಿನ ವೇಗದಲ್ಲಿ ಪಂಪು ಅತಿಯಾಗಿ ತಿರುಗದಂತೆ ರಾಟೆಯ ಅಳತೆಯನ್ನು ಮಾತ್ರ ಹೊಂದಿಸಿಕೊಳ್ಳುತ್ತಾರೆ. ಅತಿಯಾಗಿ ತಿರುಗಿದರೆ ರೆಕ್ಕೆಗಳ ಹಿಂದೆ ಒತ್ತಡ ಕುಸಿದು, ಆವಿಯ ಗುಳ್ಳೆಗಳೆದ್ದು, ಹರಿವು ಕೆಡುತ್ತದೆ. ಆ ಗುಳ್ಳೆಗಳು ಒಡೆಯುವಾಗ ರೆಕ್ಕೆಗಳೂ ಸವೆಯುತ್ತವೆ.

ಕೆಡುವ ರೀತಿಯಲ್ಲೂ ಎರಡಕ್ಕೂ ವ್ಯತ್ಯಾಸವಿದೆ. ಬೆಲ್ಟ್ ಪಂಪು ಸಾಮಾನ್ಯವಾಗಿ ಮುನ್ಸೂಚನೆ ಕೊಟ್ಟೇ ಕೆಡುತ್ತದೆ. ಬೇರಿಂಗ್ ಕಿರುಗುಟ್ಟುತ್ತದೆ, ಅಡಿಯ ಸಣ್ಣ ರಂಧ್ರದಿಂದ ನೀರು ತೊಟ್ಟಿಕ್ಕುತ್ತದೆ. ಕಿವಿ ಕಣ್ಣು ತೆರೆದಿದ್ದವರಿಗೆ ಸರಿಪಡಿಸಲು ಕಾಲಾವಕಾಶವಿರುತ್ತದೆ. ವಿದ್ಯುತ್ ಪಂಪು ಹಾಗಲ್ಲ. ಒಂದು ಫ್ಯೂಸ್ ಹೋದರೆ, ಒಂದು ತಂತಿ ಸಡಿಲವಾದರೆ ಮುಗಿಯಿತು, ಸದ್ದಿಲ್ಲದೆ ನಿಂತುಬಿಡುತ್ತದೆ. ಪೂರ್ಣ ಬಲದಲ್ಲಿರುವ ಎಂಜಿನ್ನಿಗೆ ಆಗ ಬಹಳ ಹೊತ್ತು ಬೇಕಿಲ್ಲ. ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗಿ, ಹೆಡ್ ಗ್ಯಾಸ್ಕೆಟ್ ಸುಟ್ಟು, ನೀರು ಸಿಲಿಂಡರಿಗೆ ಇಳಿಯುತ್ತದೆ. ಐದು ಅಶ್ವಶಕ್ತಿ ಉಳಿಸಲು ಹೋಗಿ ನಾನೂರನ್ನೂ ಕಳೆದುಕೊಂಡಂತೆ. ಆದ್ದರಿಂದಲೇ ವಿದ್ಯುತ್ ಪಂಪು ಹಾಕಿಸಿದವರು ಪ್ರತ್ಯೇಕ ಫ್ಯೂಸ್, ದಪ್ಪ ತಂತಿ, ಎಚ್ಚರಿಕೆಯ ದೀಪ ಇವುಗಳಲ್ಲಿ ಜಿಪುಣತನ ಮಾಡಬಾರದು. ಪಂಪಿನ ಡಬ್ಬಿಯ ಮೇಲೆ ಬರೆದ ಅಂಕಿಯನ್ನೂ ಹಾಗೆಯೇ ನಂಬಬಾರದು. ಅದು ಸಾಮಾನ್ಯವಾಗಿ ಅಡೆತಡೆಯಿಲ್ಲದ ಹರಿವಿನ ಅಳತೆ. ಎಂಜಿನ್ನಿನ ಇಕ್ಕಟ್ಟಾದ ದಾರಿಗಳಲ್ಲಿ ಅಷ್ಟು ನೀರು ಹರಿಯದು.

ಇಷ್ಟಾದರೂ ವಿದ್ಯುತ್ ಪಂಪು ಓಟದ ಅಂಗಳಕ್ಕಷ್ಟೇ ಸೀಮಿತವಾಗಿ ಉಳಿಯಲಿಲ್ಲ. ಬಿಎಂಡಬ್ಲ್ಯೂ ಕಂಪನಿ 2000ದ ದಶಕದ ನಡುವಿನಲ್ಲಿ ತನ್ನ ಆರು ಸಿಲಿಂಡರುಗಳ ಎಂಜಿನ್ನಿಗೆ 200 ವ್ಯಾಟಿನ ವಿದ್ಯುತ್ ಪಂಪು ಜೋಡಿಸಿತು. 2009ರ ಟೊಯೋಟಾ ಪ್ರಿಯಸ್‌ನ ಎಂಜಿನ್ನಿನಲ್ಲಿ ಬೆಲ್ಟೇ ಇರಲಿಲ್ಲ. ಇವುಗಳಲ್ಲಿ ಪಂಪಿಗೆ ಅಪ್ಪಣೆ ಕೊಡುವುದು ಗಣಕಯಂತ್ರ. ಎಂಜಿನ್ ತಣ್ಣಗಿದ್ದಾಗ ಪಂಪನ್ನು ನಿಧಾನಿಸುತ್ತದೆ, ಇದರಿಂದ ಎಂಜಿನ್ ಬೇಗ ಹದಕ್ಕೆ ಬರುತ್ತದೆ. ಕಾದಾಗ ಚುರುಕುಗೊಳಿಸುತ್ತದೆ. ಎಂಜಿನ್ ನಿಂತ ಮೇಲೂ ಬೇಕಿದ್ದರೆ ನಡೆಸುತ್ತದೆ. ಬೆಲ್ಟಿಗೆ ಇಲ್ಲದ ವಿವೇಚನೆ ಹೀಗೆ ಪಂಪಿಗೆ ಬಂತು. ಎಂಜಿನ್ನೇ ಇಲ್ಲದ ಇಂದಿನ ವಿದ್ಯುತ್ ಕಾರುಗಳಲ್ಲಿ ಬ್ಯಾಟರಿಯನ್ನು ದ್ರವದಿಂದ ತಂಪಾಗಿಡಬೇಕಾದರೆ ವಿದ್ಯುತ್ ಪಂಪು ಬಿಟ್ಟರೆ ಬೇರೆ ದಾರಿಯೇ ಇಲ್ಲ.

ಆಯ್ಕೆಯ ಪ್ರಶ್ನೆ ಎದುರಾದವರು ಮೂರು ಸಂಗತಿ ಕೇಳಿಕೊಂಡರೆ ಸಾಕು. ಎಂಜಿನ್ ಎಷ್ಟು ಹೊತ್ತು ಪೂರ್ಣ ಬಲದಲ್ಲಿ ದುಡಿಯುತ್ತದೆ? ನಿಲ್ಲಿಸಿದ ಮೇಲೂ ತಂಪು ಮಾಡಬೇಕೇ? ಪಂಪು ಕೆಟ್ಟರೆ ಯಾರು, ಹೇಗೆ ತಿಳಿಸುತ್ತಾರೆ? ಕ್ಷಣಗಳ ಓಟಕ್ಕೆ ವಿದ್ಯುತ್ ಪಂಪು ಮೇಲು. ಗಂಟೆಗಟ್ಟಲೆ ಓಟಕ್ಕೆ ಬೆಲ್ಟ್ ಪಂಪು ಮೇಲು. ರಸ್ತೆಯ ಕಾರಿಗೆ, ಅದನ್ನು ತಯಾರಿಸಿದವರು ಕೊಟ್ಟದ್ದೇ ಮೇಲು.

ಕೊನೆಯಲ್ಲಿ ವಿದ್ಯಾರ್ಥಿಗಳಿಗೊಂದು ಲೆಕ್ಕ. ಕೆಲವರು ಬೆಲ್ಟ್ ಪಂಪನ್ನೇ ಉಳಿಸಿಕೊಂಡು ಅದಕ್ಕೆ ಕೊಂಚ ದೊಡ್ಡ ರಾಟೆ ಹಾಕುತ್ತಾರೆ. ಪಂಪಿನ ವೇಗ ಶೇಕಡಾ 20ರಷ್ಟು ಇಳಿಯಿತು ಎಂದುಕೊಂಡರೆ, ಅದು ನುಂಗುವ ಶಕ್ತಿ ಎಷ್ಟು ಇಳಿಯುತ್ತದೆ? 0.8ರ ಘನ 0.512. ಹರಿವು ಐದರಲ್ಲಿ ಒಂದು ಪಾಲು ಕಡಿಮೆಯಾದರೆ, ಶಕ್ತಿಯ ಖರ್ಚು ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯಿತು! ಆದರೆ ವಾಹನ ದಟ್ಟಣೆಯಲ್ಲಿ ಕಾರು ನಿಂತು ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗಲೂ ಆ ಐದರಲ್ಲೊಂದು ಪಾಲು ನೀರು ಕಡಿಮೆಯೇ. ರಾಟೆ ಬದಲಿಸಿದವರು ಬೇಸಿಗೆಯ ಮಧ್ಯಾಹ್ನ ಉಷ್ಣತೆಯ ಮುಳ್ಳಿನ ಮೇಲೆ ಒಂದು ಕಣ್ಣಿಟ್ಟಿರುವುದು ಒಳ್ಳೆಯದು. ಶೇಕಡಾ 10ರಷ್ಟು ಇಳಿಸಿದರೆ ಎಷ್ಟು ಶಕ್ತಿ ಉಳಿಯುತ್ತದೆಂಬುದನ್ನು ಮಕ್ಕಳೇ ಮಾಡಿ ನೋಡಲಿ. ಉತ್ತರ ಶೇಕಡಾ 27 ಬಂದರೆ ಲೆಕ್ಕ ಸರಿ.